ಒಂದೇ ಒರಳು, ಎರಡು ಒನಕೆ

ಮೊನ್ನೆ ಅರಸೀಕೆರೆಯ ಹಿಟ್ಟಿನ ಗಿರಣಿಯ ಮುಂದೆ ಖಾರದ ಪುಡಿಯ ಘಾಟಿಗೆ ಸೀನಿದೆ ನೋಡಿ, ಆ ಸೀನಿನ ನಡುವೆಯೇ ನನಗೆ ಎಲೆಕ್ಟ್ರಾನುಗಳ ಸಂಸಾರ ಅರ್ಥವಾಗಿಬಿಟ್ಟಿತು. ಇಷ್ಟು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ, ಕೊನೆಗೆ ಬುದ್ಧಿ ಬಂದದ್ದು ಮೂಗಿನ ದಾರಿಯಲ್ಲಿ!

ಸೂಪರ್ ಕಂಡಕ್ಟರಿನಲ್ಲಿ ವಿದ್ಯುತ್ತು ಎಳ್ಳಷ್ಟೂ ತಡೆಯಿಲ್ಲದೆ ಹರಿಯುತ್ತದೆ, ಎಲೆಕ್ಟ್ರಾನುಗಳು ಜೋಡಿಯಾಗುವುದರಿಂದ. ಅವೋ, ಒಂದನ್ನೊಂದು ದೂರ ತಳ್ಳುವ ಜಾತಿ. ಕೆಲವು ವಸ್ತುಗಳಲ್ಲಿ ಆ ತಳ್ಳಾಟವೇ ಜೋಡಿ ಕಟ್ಟುತ್ತದಂತೆ. ಪಾಠವೇನೋ ಒಪ್ಪಿಸುತ್ತಿದ್ದೆ, ಒಳಗೊಳಗೆ ನಂಬಿರಲಿಲ್ಲ.

ಆ ಘಾಟು ನೆನಪಿಗೆ ತಂದದ್ದು ಹುಲಿಕೆರೆಯ ನಮ್ಮ ಮನೆಯನ್ನು. ಅಲ್ಲಿ ದೊಡ್ಡಮ್ಮ, ಚಿಕ್ಕಮ್ಮ ಇಬ್ಬರೂ ವಾರಗಿತ್ತಿಯರು; ಎಣ್ಣೆ ಸೀಗೆಕಾಯಿ. ಒಬ್ಬರು ಹಿತ್ತಿಲಿಗೆ ಬಂದರೆ ಇನ್ನೊಬ್ಬರು ಜಗಲಿಗೆ. ಖಾರ ಕುಟ್ಟುವ ದಿನ ಮಾತ್ರ ಒಂದೇ ಒರಳಿಗೆ ಎದುರುಬದುರು ನಿಂತು ಜೋಡಿ ಒನಕೆ ಹಾಕುತ್ತಿದ್ದರು. ಇವರದು ಏರಿದಾಗ ಅವರದು ಇಳಿಯಬೇಕು. ಒಮ್ಮೆಯೂ ಒನಕೆಗೆ ಒನಕೆ ತಾಗಲಿಲ್ಲ. ನಮ್ಮಮ್ಮನಿಗೂ ಚಿಕ್ಕಮ್ಮನಿಗೂ ಬಲು ಪ್ರೀತಿ. ಅವರಿಬ್ಬರೂ ಹರಟುತ್ತ ಕುಟ್ಟಲು ನಿಂತರೆ ಎರಡನೇ ಮಾತಿಗೇ ಟಕ್ಕೆಂದು ಡಿಕ್ಕಿ.

“ಆಯಮ್ಮನ ಒನಕೆ ಮ್ಯಾಲೇ ಕಣ್ಣಿಟ್ಟಿರ್ತೀನಿ ಕಣೇ. ಅದು ಇದ್ದ ಕಡೆ ನಾನು ಹೋಗಾಕಿಲ್ಲ” ಎನ್ನುತ್ತಿದ್ದಳು ಚಿಕ್ಕಮ್ಮ.

ಎಲೆಕ್ಟ್ರಾನಿನದೂ ಅದೇ ಕಥೆ. ಒಂದು ಎಲೆಕ್ಟ್ರಾನು ತನ್ನ ಸುತ್ತಲಿನ ಎಲೆಕ್ಟ್ರಾನುಗಳ ಗುಂಪನ್ನು ತಳ್ಳಿದಾಗ ಅಲ್ಲಿ ಅಲೆ ಏಳುತ್ತದೆ; ಅಲೆಯ ಇಳಿವಿನಲ್ಲಿ ಇನ್ನೊಂದಕ್ಕೆ ಹಿತವಾದ ಜಾಗ ಸಿಗುತ್ತದೆ. ಒಂದೇ ಜಾಗದಲ್ಲಿ ಎರಡೂ ಸೇರದಂತೆ ಹೊಂದಿಸಿಕೊಂಡೇ ಜೋಡಿಯಾಗುತ್ತವೆ. ನನಗೆ ಕುಣಿಯುವಷ್ಟು ಖುಷಿ. ಪುಡಿಯ ಡಬ್ಬ ಗಿರಣಿಯಲ್ಲೇ ಬಿಟ್ಟು, ಹುಲಿಕೆರೆಯ ಚಿಕ್ಕಮ್ಮನ ಬಳಿಗೆಂದು ಹಳೇಬೀಡಿನ ಬಸ್ಸು ಹತ್ತಿದೆ.

ಅವಸರಕ್ಕೆ ಕಾರಣವಿತ್ತು. ದೊಡ್ಡಮ್ಮ ಹೋದ ವರ್ಷ ತೀರಿಕೊಂಡಳು. ಅಂದಿನಿಂದ ಚಿಕ್ಕಮ್ಮನದು ಒಂದೇ ಕೊರಗು: “ಒಂದಿನಾನಾದ್ರೂ ನಗ್‌ನಗ್ತಾ ಮಾತಾಡ್ಲಿಲ್ವಲ್ಲೇ. ಒಂದೇ ಮನೇಲಿದ್ದದ್ದೆಲ್ಲಾ ದಂಡ ಆಯ್ತು.” ದಂಡವಾಗಿಲ್ಲ ಎಂದು ನಾನು ಅವಳಿಗೆ ಹೇಳಲೇಬೇಕಿತ್ತು.

ಹೋದವಳೇ ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ. ಖಾರ ಕುಟ್ಟುತ್ತಿದ್ದ ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡು, “ನಿನ್ ಕರೆಂಟಿನ ಮಾತು ನಂಗೇನ್ ತಿಳೀತೈತೆ. ಅಲ್ಲೈತೆ ಆಯಮ್ಮನ ಒನಕೆ, ಹಿಡಿ” ಎಂದಳು.

ಹಿಡಿದೆ. ಮೂರನೇ ಏಟಿಗೇ ಟಕ್ಕೆಂದಿತು.

ಚಿಕ್ಕಮ್ಮ ಎಷ್ಟೋ ತಿಂಗಳ ಮೇಲೆ ನಕ್ಕಳು. “ನಿನ್ ಕೈಲಿ ಆಗಾಕಿಲ್ಲ ಬಿಡು. ನಿಂಗೆ ನನ್ನ ಕಂಡ್ರೆ ಪ್ರೀತಿ. ನನ್ ಜೋಡಿಗೆ ಆಯಮ್ಮನೇ ಸೈ.”

ನಾನು ಒನಕೆಯನ್ನು ಗೋಡೆಗೆ ಒರಗಿಸಿದೆ. ಅವಳೊಬ್ಬಳೇ ಕುಟ್ಟತೊಡಗಿದಳು, ಪ್ರತಿ ಏಟಿನ ನಂತರ ಇನ್ನೊಂದು ಏಟಿಗಾಗುವಷ್ಟು ಹೊತ್ತು ಬಿಟ್ಟು.