ಪ್ರೇಮಕ್ಕನ ಕಡುನೀಲಿ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ ಪ್ರೇಮಾವತಿಯ ಅಂಗಡಿ. ಬೋರ್ಡು ಉಂಟು, ಓದುವವರಿಲ್ಲ. ‘ಮ್ಯಾಚಿಂಗ್ ಪ್ರೇಮಕ್ಕ’ ಎಂದರೆ ಸಾಕು, ರಿಕ್ಷಾದವರು ಬಾಗಿಲಿಗೇ ತಂದು ಇಳಿಸುತ್ತಾರೆ. ಸೀರೆಗೆ ಒಪ್ಪುವ ರವಿಕೆ ಬಟ್ಟೆ ಹುಡುಕಿ ಕೊಡುವುದು ಅವಳ ಕಸುಬು. ಬೇರೆ ಅಂಗಡಿಗಳಲ್ಲಿ ಹೆಂಗಸರು ಟ್ಯೂಬ್‌ಲೈಟನ್ನು ನಂಬದೆ ಬಟ್ಟೆಯನ್ನು ಹೊರಗೆ ಒಯ್ದು ಬಿಸಿಲಿಗೆ ಹಿಡಿದು ನೋಡುತ್ತಾರೆ. ಇಲ್ಲಿ ಆ ಆಟ ನಡೆಯುತ್ತಿರಲಿಲ್ಲ.

“ನನ್ನ ಕಣ್ಣಿಗಿಂತ ದೊಡ್ಡ ಬಿಸಿಲು ಬೇಕಾ?” ಎಂದು ಅವಳು ಗದರಿದರೆ ಎಂಥವರೂ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. ಆಮೇಲೆ ಸೀರೆಯನ್ನೂ ಬಟ್ಟೆಯನ್ನೂ ಒಳಕೋಣೆಯಲ್ಲಿ ಹೊಲಿಗೆಗೆ ಬಿಟ್ಟು ಹೋಗುತ್ತಿದ್ದರು. ಅಲ್ಲಿ ಹೊಲಿಯುವವನು ಗಂಡ ಮುಂಡಪ್ಪ. ಅವನಿಗಿಂತ ಅವನ ಮಿಷನ್ನಿಗೇ ಮಾತು ಜಾಸ್ತಿ.

ತಂಗಿಯ ಮಗಳು ಸುಪ್ರೀತಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಒಂದು ಮಧ್ಯಾಹ್ನ ತನ್ನ ನಿಶ್ಚಿತಾರ್ಥದ ಸೀರೆ ಹಿಡಿದುಕೊಂಡು ಬಂದಳು. ಸೀರೆಯ ಅಂಚು ಕಡುನೀಲಿ. ಪ್ರೇಮಾವತಿ ಬಟ್ಟೆ ಸುತ್ತಿಟ್ಟ ಥಾನು ಎಳೆದು, ಕತ್ತರಿ ಹಾಕಿ, ಗತ್ತಿನಿಂದ ಮುಂದಿಟ್ಟಳು.

“ದೊಡ್ಡಮ್ಮ, ಇದು ಕಪ್ಪಲ್ವಾ?”

“ಕಪ್ಪಂತೆ! ಮಕ್ಕಳ ಪೇಪರ್ ತಿದ್ದಿ ತಿದ್ದಿ ನಿನ್ನ ಕಣ್ಣು ಹಾಳಾಗಿದೆ.”

“ಬಿಸಿಲಿಗೆ ಹೋಗುವ, ಬನ್ನಿ.”

ಪ್ರೇಮಾವತಿ ಸೊಕ್ಕಿನಿಂದಲೇ ಹೊರಗಿಳಿದಳು. ಸುಡು ಬಿಸಿಲಿನಲ್ಲೂ ಅವಳಿಗೆ ಎರಡೂ ಒಂದೇ ಬಣ್ಣ. ಎದುರಿನ ಹೂವಿನವಳು ಇಣುಕಿ, “ಒಂದು ನೀಲಿ, ಒಂದು ಕಪ್ಪು ಪ್ರೇಮಕ್ಕ” ಎಂದಾಗ ಪ್ರೇಮಾವತಿ ಎರಡನ್ನೂ ಮುದುಡಿಕೊಂಡು ಒಳಗೆ ಬಂದಳು. ಕಣ್ಣೇ ಕೈಕೊಟ್ಟರೆ ತನ್ನಲ್ಲಿ ಉಳಿಯುವುದಾದರೂ ಏನು ಎಂದು ಮೊದಲ ಸಲ ಹೆದರಿದಳು.

ಸುಪ್ರೀತಾ ಮೇಜಿನ ಮೇಲಿದ್ದ ಸ್ವೀಟ್ ಬಾಕ್ಸಿನ ಹಳದಿ ಪಾರದರ್ಶಕ ಹಾಳೆಯನ್ನು ಮಡಚಿ ತನ್ನ ಕಣ್ಣಿಗೆ ಹಿಡಿದಳು. “ನೋಡಿ, ಈಗ ನನಗೂ ಎರಡೂ ಕಪ್ಪೇ. ಬೆಳಕು ಅಲೆ ಅಲೆಯಾಗಿ ಬರ್ತದೆ ದೊಡ್ಡಮ್ಮ. ಕೆಂಪಿನದ್ದು ಉದ್ದ ಅಲೆ, ನೀಲಿಯದ್ದು ಗಿಡ್ಡ. ಸೀರೆಗೆ ಬಡಿದು ವಾಪಸು ಬಂದ ಗಿಡ್ಡ ಅಲೆ ಕಣ್ಣಿನೊಳಗೆ ಹೋದರೆ ಮಾತ್ರ ನಮಗೆ ನೀಲಿ ಕಾಣುವುದು. ಈ ಹಾಳೆ ಅದನ್ನು ಬಾಗಿಲಲ್ಲೇ ತಡೀತದೆ. ನಿಮ್ಮ ಕಣ್ಣಿಗೆ ಪೊರೆ ಬಂದು ಮಸೂರ ಹೀಗೇ ಹಳದಿಯಾಗಿರಬೇಕು.”

“ನನಗೆ ಎಲ್ಲ ಸರಿ ಕಾಣ್ತದೆ ಮಾರಾಯ್ತಿ!”

“ನಿಧಾನಕ್ಕೆ ಆದದ್ದಲ್ವಾ, ನಿಮಗೆ ಗೊತ್ತಾಗ್ಲಿಲ್ಲ.”

ಒಳಗಿನ ಮಿಷನ್ನು ನಿಂತಿತು. “ಡಾಕ್ಟ್ರಿಗೆ ತೋರಿಸುವ ಪ್ರೇಮಾ,” ಎಂದ ಮುಂಡಪ್ಪ. ಅವನೇ ಬಾಯಿಬಿಟ್ಟ ಮೇಲೆ ಅವಳಿಗೆ ವಾದ ಮಾಡಲು ಧೈರ್ಯವಾಗಲಿಲ್ಲ.

ಪೊರೆಯೇ ಆಗಿತ್ತು. ಮೊದಲು ಬಲಗಣ್ಣಿನ ಆಪರೇಶನ್ ಆಯಿತು. ಪಟ್ಟಿ ತೆಗೆದ ಮೇಲೆ ಅವಳಿಗೆ ಅದೇ ಕೆಲಸ: ಒಂದು ಕಣ್ಣು ಮುಚ್ಚಿ ನೋಡುವುದು, ಇನ್ನೊಂದು ಮುಚ್ಚಿ ನೋಡುವುದು. ಬಲಗಣ್ಣಿಗೆ ಅನ್ನ ಬೆಳ್ಳಗೆ, ಎಡಗಣ್ಣಿಗೆ ಅರಸಿನ ಹಾಕಿದ ಹಾಗೆ. ಪ್ರೇಮಕ್ಕ ಈ ಪ್ರಾಯದಲ್ಲಿ ಕಣ್ಣು ಹೊಡೆಯಲು ಶುರು ಮಾಡಿದ್ದಾರೆಂದು ರಿಕ್ಷಾ ಸ್ಟ್ಯಾಂಡಿನಲ್ಲಿ ಸುದ್ದಿಯಾಯಿತು.

ಅಂಗಡಿಗೆ ಮರಳಿದ ದಿನ ಮುಂಡಪ್ಪ ಚಹಾಕ್ಕೆ ಹೋಗಿದ್ದ. ಮಿಷನ್ನಿನ ಅಡಿಯಲ್ಲಿ ಅವನು ಚಿಂದಿ ತುಂಬಿಡುವ ಎಂದಿನ ಚೀಲ ಕಂಡಿತು. “ಆ ಕಪ್ಪು ಚಿಂದಿ ಬಿಸಾಡಿ” ಎಂದು ಅವಳು ಎಷ್ಟು ಸಲ ಹೇಳಿದರೂ ಅವನು, “ಇರಲಿ, ಲೈನಿಂಗಿಗೆ ಆಗ್ತದೆ” ಎನ್ನುತ್ತಿದ್ದ. ಈಗ ನೋಡಿದರೆ ಅದರೊಳಗೆ ಕಡುನೀಲಿ, ನೇರಳೆ, ಕಡುಹಸಿರು, ನಡುನಡುವೆ ಕಪ್ಪು. ಚಿಂದಿಯೂ ಅಲ್ಲ. ಪ್ರತಿಯೊಂದೂ ಇಡೀ ರವಿಕೆಯ ತುಂಡು. ತುದಿ ಸ್ವಲ್ಪ ಓರೆಯಾಗಿ ಕತ್ತರಿಸುವುದು ಅವಳದೇ ಚಾಳಿ, ಎಲ್ಲ ತುಂಡುಗಳ ತುದಿಯೂ ಓರೆ.

ಅವಳು ಚೀಲ ಹಿಡಿದು ನೆಲದ ಮೇಲೇ ಕೂತಳು. ತಾನು ತಪ್ಪು ಬಣ್ಣ ಕೊಟ್ಟಾಗಲೆಲ್ಲ ಇವನು ಅದನ್ನು ಇಲ್ಲಿ ತುರುಕಿ, ಸರಿಯಾದದ್ದನ್ನು ಥಾನಿನಿಂದ ತಾನೇ ಕತ್ತರಿಸಿ ಹೊಲಿದು ಕೊಟ್ಟಿದ್ದಾನೆ. ಅದಕ್ಕೇ ಒಬ್ಬರೂ ದೂರು ಹೇಳಿಕೊಂಡು ಬರಲಿಲ್ಲ. ನಾಚಿಕೆಯೂ ಪ್ರೀತಿಯೂ ಒಟ್ಟಿಗೇ ಉಕ್ಕಿ ಬಂದವು.

ಮುಂಡಪ್ಪ ಬಾಗಿಲಲ್ಲಿ ನಿಂತಿದ್ದ. “ಅಳಬಾರದು ಅಂತ ಡಾಕ್ಟ್ರು ಹೇಳಿದ್ದಾರೆ.”

“ನನಗೆ ಹೇಳ್ಳಿಕ್ಕೆ ಎಂತ ಆಗಿತ್ತು ನಿಮಗೆ?”

“ಹೇಳಿದ್ರೆ ನೀನು ಅಂಗಡಿಗೆ ಬರ್ತಿರ್ಲಿಲ್ಲ.”

ಆಗಲೇ ಗಿರಾಕಿಯೊಬ್ಬಳು ಬಂದು ತಾನು ತಂದ ಸೀರೆಯನ್ನು ಮೇಜಿನ ಮೇಲೆ ಹರಡಿದಳು. ಪ್ರೇಮಾವತಿ ಕಣ್ಣೊರೆಸಿಕೊಂಡು ಎದ್ದು, ಬಟ್ಟೆ ಆರಿಸಿ, ಕತ್ತರಿಯನ್ನು ಮೇಜಿನ ಮೇಲೇ ಬಿಟ್ಟಳು.

“ಬಿಸಿಲಿಗೆ ಹೋಗುವ,” ಎಂದವಳು ಗಂಡನ ಕಡೆ ತಿರುಗಿದಳು. “ನೀವೂ ಬನ್ನಿ. ನೋಡಿ, ಬಾಯಿಬಿಟ್ಟು ಹೇಳಿ.”