ಎತ್ತಿನ ಹಲ್ಲು ನೋಡುವವರು

ಸಿಂಧನೂರಿನ ದನದ ಸಂತೆಯಲ್ಲಿ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವ ಮುದುಕರೊಬ್ಬರಿದ್ದರು. "ಬಾಯಿ ತೆಗಿಯೋ ನನ್ನಪ್ಪ" ಎನ್ನುತ್ತ ಹೆಬ್ಬೆರಳಿನಿಂದ ಅದರ ಕೆಳತುಟಿ ಸರಿಸುತ್ತಿದ್ದರು. ಹಾಲುಹಲ್ಲು ಉದುರಿ ಹೊಸವು ಎಷ್ಟು ಬಂದಿವೆ, ಎಷ್ಟು ಸವೆದಿವೆ ಎಂದು ಅವರು ಹೇಳಿದ ಮೇಲೆ ಯಾರೂ ವಾದಿಸುತ್ತಿರಲಿಲ್ಲ. ಒಮ್ಮೆ ಸ್ವಂತ ತಮ್ಮ ಮಾರಲು ತಂದ ಎತ್ತಿನ ಬಾಯಿ ನೋಡಿ, "ಹಲ್ಲು ಪೂರಾ ಸವದಾವ, ತಗೋಬ್ಯಾಡ್ರಿ" ಎಂದು ಕೊಳ್ಳಲು ಬಂದವರಿಗೆ ಹೇಳಿಬಿಟ್ಟರು. ತಮ್ಮ ವರ್ಷಗಟ್ಟಲೆ ಮಾತು ಬಿಟ್ಟ.

ಒಂದು ಸಲ ಅವರ ಊರಾದ ಜವಳಗೇರಾಕ್ಕೆ ಹೋದವನು ಅವರ ಮನೆಗೂ ಹೋದೆ. ಮುದಿ ಕಿಲಾರಿ ಎತ್ತೊಂದಕ್ಕೆ ಅವರು ಮೆತ್ತಗೆ ಬೇಯಿಸಿದ ನುಚ್ಚಿನ ಉಂಡೆ ತಿನ್ನಿಸುತ್ತಿದ್ದರು.

"ಇದಕ್ಕೆಷ್ಟು ವರ್ಷಾತ್ರಿ, ಕಾಕಾ?" ಎಂದೆ.

"ಇದರ ಬಾಯಿ ನಾ ನೋಡಿಲ್ಲಪಾ" ಎಂದರು, ಇನ್ನೊಂದು ಉಂಡೆಯನ್ನು ಅದರ ನಾಲಿಗೆಯ ಮೇಲೆ ಇಡುತ್ತ.