ಅದು ಈ ಜಿಲೇಬಿ ಅಲ್ಲ

ಎರಡು ವರ್ಷ ನಾವು ನನ್ನ ತಮ್ಮನ ಎಡೆಗೆ ಜಿಲೇಬಿ ಇಟ್ಟೆವು.

ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೇ ಇಡಬೇಕು ತಾನೆ? ಮಹಾಲಯ ಅಮಾವಾಸ್ಯೆ ಬಂತೆಂದರೆ ನಮ್ಮ ಮನೆಯಲ್ಲಿ ಅಜ್ಜನಿಗೆ ಎಲೆ ಅಡಿಕೆ, ಅಜ್ಜಿಗೆ ಶೇಂಗಾ ಹೋಳಿಗೆ, ಮಂಜನಿಗೆ ಜಿಲೇಬಿ. ಚಳ್ಳಕೆರೆ ಬಸ್ ಸ್ಟ್ಯಾಂಡ್ ಹತ್ತಿರದ ಸ್ವೀಟ್ ಸ್ಟಾಲಿನಿಂದ ಬಿಸಿ ಬಿಸಿ ತರಿಸಿ, ಬಾಳೆ ಎಲೆಯ ಮೇಲೆ ಅವ್ವ ತಾನೇ ಜೋಡಿಸುತ್ತಿದ್ದಳು. ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

(ಮಂಜ ಅಂದರೆ ಮಂಜುನಾಥ, ನನ್ನ ಒಬ್ಬನೇ ತಮ್ಮ. ಅಪ್ಪನ ದನದ ಹಿಂಡಿ ಅಂಗಡಿ ನೋಡಿಕೊಳ್ಳುತ್ತಿದ್ದ. ಬೈಕಿನಲ್ಲಿ ಹೊರಟವನು ಹೈವೇ ದಾಟಲಿಲ್ಲ. ಇದು ಮೂರನೇ ವರ್ಷ. ಆಗ ಕೆಲವು ವಾರ ಈ ಅಂಕಣ ಬಂದಿರಲಿಲ್ಲ, ನಿಮ್ಮಲ್ಲಿ ಕೆಲವರು ಪತ್ರಿಕೆಗೆ ಫೋನ್ ಮಾಡಿ ವಿಚಾರಿಸಿದ್ದಿರಿ. ಕಾರಣ ಅದು.)

ಜಿಲೇಬಿ ಅವನಿಗೆ ಇಷ್ಟ ಎಂದು ನಮಗೆ ಹೇಗೆ ಗೊತ್ತು? ಅವನೇ ಹೇಳುತ್ತಿದ್ದ. ಭಾನುವಾರ ಅಂಗಡಿಗೆ ರಜ. ಬೆಳಿಗ್ಗೆ ಮಾಯವಾದವನು ಸಂಜೆ ಪ್ರತ್ಯಕ್ಷನಾಗುತ್ತಿದ್ದ. ಅವ್ವ ರೊಟ್ಟಿ ಹಾಕಲು ಹೋದರೆ, "ಬ್ಯಾಡವ್ವ, ಜಿಲೇಬಿ ತಿಂದು ಬಂದೀನಿ. ಹೊಟ್ಟೆ ತುಂಬೈತೆ" ಅನ್ನುತ್ತಿದ್ದ.

"ಈ ವಯಸ್ಸಿಗೇ ಶುಗರ್ ಬರಿಸ್ಕೊಂತೀಯ ನೋಡು" ಎಂದು ಅವ್ವ ಗೊಣಗುತ್ತಿದ್ದಳು. ಅವನು ನಗುತ್ತಿದ್ದ. ಯಾಕೆ ನಗುತ್ತಾನೆಂದು ನಾವ್ಯಾರೂ ಕೇಳಲಿಲ್ಲ.

ಈ ಸಲ ಹಬ್ಬಕ್ಕೆ ವಾರವಿರುವಾಗ ಪಾಲಯ್ಯ ಮನೆಗೆ ಬಂದ. ಲಗೇಜ್ ಆಟೋ ಓಡಿಸುವವನು, ಮೊಳಕಾಲ್ಮೂರು ಕಡೆಯ ಹಳ್ಳಿಯವನು, ನಮ್ಮ ಅಂಗಡಿಯ ಮೂಟೆ ಸಾಗಿಸುತ್ತಾನೆ. ಮಂಜನ ಜೀವದ ಗೆಳೆಯ. ಅವ್ವ ಕಾಫಿ ಕೊಟ್ಟು, "ಹಬ್ಬದ ಮಾರನೆ ದಿನ ಬಾರಪ್ಪ. ನಿನ್ನ ಗೆಳೆಯನ ಎಡೆ ಜಿಲೇಬಿ ಕೊಡ್ತೀನಿ, ಮನೆಗೆ ತಗಂಡು ಹೋಗು" ಅಂದಳು.

"ಜಿಲೇಬಿನಾ?"

"ಹೂಂ. ಅದಂದ್ರೆ ಪ್ರಾಣ ಬಿಡ್ತಿದ್ನಲ್ಲ."

ಪಾಲಯ್ಯ ಲೋಟ ಕೆಳಗಿಟ್ಟ. ಮೊದಲು ನಕ್ಕ. ಆಮೇಲೆ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. "ಅಮ್ಮಾ, ಅದು ಈ ಜಿಲೇಬಿ ಅಲ್ಲ. ಜಿಲೇಬಿ ಅಂತ ಮೀನೈತೆ. ನಮ್ಮೂರ ಕೆರೇಲಿ ಸಿಗ್ತೈತಲ್ಲ, ಅದು."

ನಮ್ಮದು ಎಂಥ ಮನೆ ಎಂದು ಓದುಗರಿಗೆ ಗೊತ್ತೇ ಇದೆ. ಅಪ್ಪ ಲಿಂಗಪೂಜೆ ಮುಗಿಯದೆ ಹನಿ ನೀರು ಕುಡಿಯುವುದಿಲ್ಲ. ಬೇಕರಿಯ ಕೇಕ್ ಕೂಡ ತನ್ನಲ್ಲಿ ಮೊಟ್ಟೆ ಇಲ್ಲವೆಂದು ಸಾಬೀತು ಮಾಡಿಯೇ ಹೊಸ್ತಿಲು ದಾಟಬೇಕು. ಆ ಮನೆಯ ಮಗ ವಾರವಾರ ಕೆರೆ ದಂಡೆಯಲ್ಲಿ ಗಾಳ ಹಿಡಿದು ಕೂರುತ್ತಿದ್ದ. ಅದೂ ಒಂದು ಸುಳ್ಳನ್ನೂ ಹೇಳದೆ. ಏನು ತಿಂದೆ ಎಂದರೆ ತಿಂದದ್ದನ್ನೇ ಹೇಳಿದ್ದಾನೆ ನೋಡಿ, ಕಳ್ಳ.

ಪಾಲಯ್ಯ ಫೋನಿನಲ್ಲಿ ನನಗೆ ಇದನ್ನೆಲ್ಲ ಹೇಳಿದಾಗ, ಅವ್ವ ರೇಗುತ್ತಾಳೆ, ಮಠಕ್ಕೆ ಹೋಗಿ ಬರುತ್ತಾಳೆ, ಮನೆಯನ್ನೆಲ್ಲ ತೊಳೆಸುತ್ತಾಳೆ ಎಂದುಕೊಂಡಿದ್ದೆ. ಸಂಜೆ ಊರಿನಿಂದ ಅವ್ವನ ಫೋನ್ ಬಂತು. ಅವಳು ಕೇಳಿದ್ದು ಒಂದೇ.

"ಅಲ್ಲ ಕಣೇ, ಎರಡು ವರ್ಷ ಬಂದು ಹಸ್ಕೊಂಡೇ ಹೋದ್ನೇನೇ?"

ಇದಕ್ಕೆ ನೀವಾದರೆ ಏನು ಉತ್ತರ ಕೊಡುತ್ತಿದ್ದಿರಿ? ನಾನು ಓದಿದವಳು, ಲಾಜಿಕ್ ಕೊಟ್ಟೆ. ಸತ್ತವರು ಎದ್ದು ಬಂದು ತಿನ್ನುತ್ತಾರಾ ಅವ್ವ, ಎಡೆ ಇಡುವುದೆಲ್ಲ ನಮ್ಮ ಸಮಾಧಾನಕ್ಕೆ ಎಂದೆ.

"ಹಂಗಾರೆ ನಂಗೆ ಸಮಾಧಾನ ಆಗಿಲ್ಲ" ಎಂದು ಫೋನ್ ಇಟ್ಟಳು.

ಹೀಗೆ ನಮ್ಮ ಕುಟುಂಬದ ಮೊದಲ ಫಿಶಿಂಗ್ ಟ್ರಿಪ್ ನಿಗದಿಯಾಯಿತು. ಹಬ್ಬದ ದಿನವೇ ಹೋಗಬೇಕು, ಹಿಡಿದದ್ದು ಆವತ್ತಿನದೇ ಇರಬೇಕು ಎಂದು ಅವ್ವನ ಹಟ. ಮನೆಯಲ್ಲಿ ಎಡೆ ಇಡುವುದು ಹೇಗೂ ಸಂಜೆಗೆ. ಗೈಡ್ ಪಾಲಯ್ಯ. ಹೊರಟವರು ನಾನು, ಅವ್ವ ಮತ್ತು ಅಪ್ಪ. ಅಪ್ಪನನ್ನು ಯಾರೂ ಕರೆದಿರಲಿಲ್ಲ. ಪೂಜೆ ಮುಗಿಸಿ, ವಿಭೂತಿಯ ಹಣೆಯಲ್ಲೇ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಲೂ ಇಲ್ಲ.

ಮಳೆಗಾಲ ಮುಗಿದು ಬಿಸಿಲು ಮೆತ್ತಗಾಗಿತ್ತು. ರಸ್ತೆಯ ಎರಡೂ ಕಡೆ ಶೇಂಗಾ ಕೀಳುತ್ತಿದ್ದರು. ಜಟಿಂಗ ರಾಮೇಶ್ವರನ ಬೆಟ್ಟ ಕಂಡಾಗ ಅಪ್ಪ ಕೈ ಮುಗಿದರು. ತಪ್ಪಾಯಿತು ಎಂದರೋ, ಮೀನು ಸಿಗಲಿ ಎಂದರೋ ಗೊತ್ತಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

(ಕೆರೆಯ ಹೆಸರು ಬರೆಯುವುದಿಲ್ಲ. ಅಲ್ಲಿ ಮೀನು ಗುತ್ತಿಗೆ ಹಿಡಿದವರಿದ್ದಾರೆ, ಪಾಲಯ್ಯನಿಗೆ ತೊಂದರೆಯಾದೀತು.)

ಕೆರೆ ಏರಿಯ ಕೊನೆಯಲ್ಲಿ ನೀರಿಗೆ ಇಳಿದಂತೆ ಒಂದು ಹಾಸುಬಂಡೆ. "ಇಲ್ಲೇ ಕೂರ್ತಿದ್ದ ಅಮ್ಮ" ಅಂದ ಪಾಲಯ್ಯ. ಅವ್ವ ಚಪ್ಪಲಿ ಬಿಟ್ಟು ಅಲ್ಲಿ ಕೂತಳು. ಅಪ್ಪ ದೂರದ ಜಾಲಿ ಮರದ ಕೆಳಗೆ ನಮಗೆ ಬೆನ್ನು ಹಾಕಿ ನಿಂತರು.

ಪಾಲಯ್ಯ ನಮಗೆ ಪಾಠ ಶುರು ಮಾಡಿದ. ಎರೆಹುಳ ಬೇಡ, ನಿಮಗೆ ನೋಡಾಕಾಗಲ್ಲ, ಜಿಲೇಬಿ ಹಿಟ್ಟಿಗೂ ಬರ್ತೈತೆ ಎಂದ. ಗೋದಿ ಹಿಟ್ಟಿನ ಉಂಡೆ ತೆಗೆದ. ಅವ್ವ ಅದನ್ನು ಬೆರಳಲ್ಲಿ ಒತ್ತಿ ನೋಡಿ, "ಯಾರು ಕಲಸಿದ್ದು ಇದನ್ನ? ನೀರಿಗೆ ಹೋಗ್ತಿದ್ದಂಗೆ ಬಿಟ್ಕಂತೈತೆ" ಎಂದು ಮತ್ತೆ ನಾದಿದಳು. ದಾರದ ನಡುವೆ ಒಂದು ಬೆಂಡಿನ ಚೂರು. ಅದು ಮುಳುಗಿದರೆ ಎಳೆಯಬೇಕು. ಅಲ್ಲಿಯವರೆಗೆ ಸುಮ್ಮನೆ ಇರಬೇಕು. ಇಷ್ಟೇ ವಿದ್ಯೆ.

ಸುಮ್ಮನೆ ಇರುವುದು ಅವ್ವನಿಗೆ ಆಗಲಿಲ್ಲ. ನೀರನ್ನೇ ನೋಡುತ್ತಾ ಕೇಳಿದಳು. "ಚೆನ್ನಾಗಿ ಹಿಡೀತಿದ್ನಾ?"

"ಎಲ್ಲಿ ಹಿಡೀತಿದ್ದ. ಬೆಂಡು ಮುಳುಗಿದ್ದೂ ಗೊತ್ತಾಗ್ತಿರಲಿಲ್ಲ ಅವನಿಗೆ. ಮಾತು ಜಾಸ್ತಿ. ಇಲ್ಲಿ ಬಂದ್ರೆ ಯಾರೂ ಹಿಂಡಿ ರೇಟು ಕೇಳಲ್ಲ ಕಣೋ ಅಂತಿದ್ದ."

"ತಿಂತಿದ್ನಲ್ಲ, ಅದು?"

"ತಿಂತಿದ್ದ. ಮುಳ್ಳು ಬಿಡಿಸಾಕೆ ಬರ್ತಿರಲಿಲ್ಲ. ನಮ್ಮವ್ವನೇ ಬಿಡಿಸಿ ತಟ್ಟೆಗೆ ಹಾಕ್ತಿದ್ಲು."

ಅವ್ವನ ಮುಖ ನೋಡಿದೆ. ಮಗ ಮೀನು ತಿಂದ ಎಂದಾಗ ಕದಲದ ಮುಖ ಈಗ ಕುಗ್ಗಿತು. ಇನ್ನೊಬ್ಬ ಹೆಂಗಸು ಅವನ ಪಕ್ಕ ಕೂತು ಮುಳ್ಳು ಬಿಡಿಸುತ್ತಿದ್ದಳು ಎನ್ನುವುದು ಅವಳಿಗೆ ಜೀರ್ಣವಾಗಲಿಲ್ಲ. ನನಗೂ ಆಗಲಿಲ್ಲ, ನಿಜ ಹೇಳುತ್ತೇನೆ. ನಾವೆಲ್ಲ ಇದ್ದೂ ಅವನಿಗೆ ಇನ್ನೊಂದು ಮನೆ ಬೇಕಾಗಿತ್ತಾ?

ಬೆಂಡು ಮುಳುಗಿತು. ಅವ್ವ ಎಳೆದಳು. ಅಂಗೈ ಅಗಲದ ಬೂದು ಬಣ್ಣದ ಮೀನೊಂದು ಬಂಡೆಯ ಮೇಲೆ ಬಿದ್ದು ಒದ್ದಾಡತೊಡಗಿತು. ಅದರ ಬಾಯಿ ತೆರೆದು ಮುಚ್ಚುತ್ತಿತ್ತು. ಪಾಲಯ್ಯ ಕೈ ಹಾಕಲಿಲ್ಲ, ಅವ್ವನನ್ನೇ ನೋಡುತ್ತಿದ್ದ.

ಸಿನಿಮಾ ಆಗಿದ್ದರೆ ಅವ್ವ ಅದನ್ನು ನೀರಿಗೆ ಬಿಡಬೇಕಿತ್ತು. ನಾನೂ ಅದನ್ನೇ ಕಾಯುತ್ತಿದ್ದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮವ್ವನ ಹತ್ರ ಕರ್ಕೊಂಡು ಹೋಗಪ್ಪ" ಅಂದಳು.

ಕಾರಿನಲ್ಲಿ ಪ್ಲಾಸ್ಟಿಕ್ ಕವರ್ ಅವ್ವನ ತೊಡೆಯ ಮೇಲಿತ್ತು. ವಾಸನೆ ತುಂಬಿಕೊಂಡಿತು. ಅಪ್ಪ ಕಿಟಕಿ ಇಳಿಸಲಿಲ್ಲ.

ಪಾಲಯ್ಯನ ತಾಯಿ ಬೋರಮ್ಮ ಜಗಲಿಯ ಮೇಲೆ ಚಾಪೆ ಹಾಸಿದಳು. ಅವ್ವ ಅಲ್ಲಿ ಕೂರದೆ ನೇರ ಒಳಗೆ ಹೋದಳು. ಅಪ್ಪ ಕಾರಿನಲ್ಲೇ ಉಳಿದರು. ಅಡುಗೆ ಒಲೆಯ ಎದುರು ಗೋಡೆಗೆ ಒರಗಿದ ಒಂದು ಮಣೆ. "ಅಬ್ಬಾಯಿ ಇಲ್ಲೇ ಕೂತ್ಕೊಂತಿದ್ದ" ಅಂದಳು ಬೋರಮ್ಮ. (ಆಂಧ್ರದ ಗಡಿ ಪಕ್ಕದಲ್ಲೇ, ಹುಡುಗನಿಗೆ ಅಲ್ಲಿ ತೆಲುಗು ಪದವೇ ಓಡುತ್ತದೆ.) ಅವ್ವ ಆ ಮಣೆಯನ್ನು ಕೈಯಿಂದ ಸವರಿದಳು.

"ಇವತ್ತು ನಿಮ್ಮ ಮನೇಲೂ ಎಡೆ ಇಡ್ತೀರಲ್ಲ. ಅವನಿಗೂ ಒಂದೆಲೆ ಹಾಕ್ರಿ. ಇದನ್ನ ಮಾಡಿಡ್ರಿ. ನಮ್ಮ ಮನೇಲಿ ಆಗಲ್ಲ" ಎಂದು ಕವರ್ ಮುಂದೆ ಇಟ್ಟಳು.

ಬೋರಮ್ಮ ತಕ್ಷಣ ಕೈಗೆತ್ತಿಕೊಳ್ಳಲಿಲ್ಲ. "ಇಡಾಕೇನು ಅಮ್ಮ, ನನ್ನ ಮಗ ಇದ್ದಂಗೇ ಇದ್ದ. ಆದ್ರೆ ಒಂದು ಮಾತು. ಇಲ್ಲಿ ಹೆಸರು ಕೂಗಿ ಇಟ್ರೆ ಇಲ್ಲಿಗೇ ಬರ್ತಾನೆ. ನಿಮ್ಮ ಮನೆಗೆ ಬರಲ್ಲ."

ನಾನು ಮಧ್ಯೆ ಬಾಯಿ ಹಾಕಿದೆ. ಎರಡೂ ಕಡೆ ಇಟ್ಟರಾಯಿತಲ್ಲ, ಅಲ್ಲೂ ಬರಲಿ, ಇಲ್ಲೂ ಬರಲಿ ಎಂದೆ.

"ಹಂಗೆ ಮಾಡಬಾರದು ಮಗಳೇ. ಎರಡು ಕಡೆ ಕರೆದ್ರೆ ಎಲ್ಲಿಗೂ ಹೋಗಾಕಾಗದೆ ದಾರೀಲೇ ನಿಂತ್ಕೊಂತಾನೆ."

ದಾರಿ ಎಂಬ ಮಾತು ಕೇಳಿದ್ದೇ ಅವ್ವ ಗೋಡೆ ಹಿಡಿದಳು. ಬೋರಮ್ಮ ಬೇಕೆಂದು ಹೇಳಿದ್ದಲ್ಲ. ಅವರಲ್ಲಿ ಇರುವ ನಂಬಿಕೆಯನ್ನು ಹೇಳಿದಳು ಅಷ್ಟೆ. ಆದರೆ ನನ್ನ ತಮ್ಮ ಎಲ್ಲಿ ಬಿದ್ದಿದ್ದ ಎಂದು ಅಲ್ಲಿದ್ದ ನಮಗೆಲ್ಲರಿಗೂ ಗೊತ್ತಿತ್ತಲ್ಲ.

ನನ್ನ ಲಾಜಿಕ್ ಎಲ್ಲಿ ಹೋಯಿತೋ. ಸತ್ತವರು ತಿನ್ನುವುದಿಲ್ಲ ಎಂದವಳು ಈಗ ಮನಸ್ಸಿನಲ್ಲೇ, ಬೇಡ ಅವ್ವ, ಅವನು ನಮ್ಮ ಮನೆಗೇ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ವರ್ಷಕ್ಕೊಂದು ಸಂಜೆ ತಾನೆ ಅವನು ಬರುವುದು? ಅದನ್ನೂ ಯಾರಿಗಾದರೂ ಬಿಟ್ಟುಕೊಡುತ್ತಾರಾ?

ಅವ್ವ ಬಗ್ಗಿ ಆ ಮಣೆಯನ್ನು ಮತ್ತೊಮ್ಮೆ ಸವರಿದಳು. ಆಮೇಲೆ ಕವರನ್ನು ಬೋರಮ್ಮನ ಕೈಗೆ ತಾನೇ ಇಟ್ಟಳು. "ಹಸ್ಕೊಂಡು ನಮ್ಮ ಮನೆಗೆ ಬರೋದಕ್ಕಿಂತ ಇಲ್ಲಿ ಉಂಡು ಹೋಗ್ಲಿ. ಕೂಗ್ರಿ ನೀವೇ."

ಇಬ್ಬರೂ ಅತ್ತರು. ನಾನು ಹೊರಗೆ ಬಂದು ಕಾರು ತಿರುಗಿಸಿಕೊಂಡೆ.

ಸಂಜೆ ಚಳ್ಳಕೆರೆಯ ಮನೆಯಲ್ಲಿ ಅವ್ವ ಎಲೆ ಹಾಸಿದಳು. ಅಜ್ಜನಿಗೊಂದು, ಅಜ್ಜಿಗೊಂದು. ಹೋಳಿಗೆ, ಕೋಸಂಬರಿ, ಅನ್ನ ಬಡಿಸಿ, ದೀಪ ಹಚ್ಚಿದಳು. ಅಪ್ಪ ಬಂದು ನಿಂತರು. ಎಲೆಗಳನ್ನು ನೋಡಿದರು, ಮತ್ತೆ ನೋಡಿದರು. ಇಡೀ ದಿನದಲ್ಲಿ ಅವರು ಆಡಿದ ಮೊದಲ ಮಾತು ಅದು.

"ಮಂಜಂದೆಲ್ಲಿ?"

ಅವ್ವ ದೀಪದ ಬತ್ತಿ ಸರಿ ಮಾಡುತ್ತಾ, ತಲೆ ಎತ್ತದೆ, "ಅವನು ಇವತ್ತು ಬೇರೆ ಕಡೆ ಊಟಕ್ಕೆ ಹೋಗ್ಯಾನೆ" ಅಂದಳು.

ಮಗನನ್ನು ಎರಡನೇ ಸಲ ಕಳಿಸಿಕೊಡಲು ಒಬ್ಬ ತಾಯಿಗೆ ಇಷ್ಟು ಸಣ್ಣ ಮಾತು ಹೇಗೆ ಸಾಕಾಯಿತು?